ಮೊದಲು ಪಾತ್ರೆ ತೂಗಿದೆವು, ಆಮೇಲೆ ಗಾಡಿ ಕೊಂಡೆವು: ಒಂದು ಮೋಟರ್‌ಹೋಮ್ ಖರೀದಿಯ ಪ್ರಕರಣ ಅಧ್ಯಯನ

ಭಾವನಿಗೆ 66, ಅಕ್ಕನಿಗೆ 61. ಇಬ್ಬರೂ ಶಿವಮೊಗ್ಗ ಕಡೆಯವರು. 2001ರಲ್ಲಿ ಇಂಗ್ಲೆಂಡಿಗೆ ಬಂದು ಬರ್ಮಿಂಗ್‌ಹ್ಯಾಮಿನ ಹೊರವಲಯದಲ್ಲಿ ಮನೆ ಮಾಡಿದವರು. ಭಾವ ನಿವೃತ್ತರಾದ ವರ್ಷ, ಬಹಳ ಕಾಲದಿಂದ ಮುಂದೂಡುತ್ತ ಬಂದಿದ್ದ ಆಸೆಯನ್ನು ಹೊರಗೆ ತೆಗೆದರು. ಒಂದು ಮೋಟರ್‌ಹೋಮ್, ಅಂದರೆ ಮಲಗಲು, ಅಡುಗೆ ಮಾಡಲು ಒಳಗೇ ಜಾಗವಿರುವ ಗಾಡಿ ಕೊಳ್ಳಬೇಕು, ಸ್ಕಾಟ್ಲೆಂಡಿನ ಉತ್ತರ ತುದಿಯವರೆಗೆ ಹೋಗಬೇಕು, ವೇಲ್ಸಿನ ಕರಾವಳಿಯಲ್ಲಿ ವಾರಗಟ್ಟಲೆ ಇರಬೇಕು. ವರ್ಷಕ್ಕೆ ಎಂಟು ಹತ್ತು ವಾರ ಗಾಡಿಯಲ್ಲೇ ವಾಸ ಎಂಬುದು ಅವರ ಲೆಕ್ಕ. ಪಿಂಚಣಿಯಿಂದ ಒಟ್ಟಿಗೆ ಬಂದ ಹಣದಲ್ಲಿ 55,000 ಪೌಂಡ್ ತೆಗೆದಿಟ್ಟಿದ್ದರು. ಅದರ ಮೇಲೆ ಒಂದು ಪೌಂಡೂ ಇಲ್ಲ ಎಂದು ಅಕ್ಕ ಮೊದಲೇ ಗೆರೆ ಎಳೆದಿದ್ದಳು.

ನಾನು ಡರ್ಬಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರ್. ಗಾಡಿಯ ಮಾತು ಬಂದರೆ ಮನೆಯವರು ನನಗೇ ಫೋನ್ ಮಾಡುತ್ತಾರೆ. ಹಾಗಾಗಿ ಈ ಹುಡುಕಾಟದ ಹತ್ತು ತಿಂಗಳೂ ನಾನು ಜೊತೆಗಿದ್ದೆ. ನಿವೃತ್ತಿಯ ಹಣ ಒಂದೇ ಸಲ ಬರುವಂಥದ್ದು. ಅದನ್ನು ತಪ್ಪು ಗಾಡಿಗೆ ಸುರಿದು ಎರಡೇ ವರ್ಷದಲ್ಲಿ ಹತ್ತು ಹದಿನೈದು ಸಾವಿರ ಪೌಂಡ್ ಕಳೆದುಕೊಂಡು ಮಾರಿದ ಕುಟುಂಬಗಳನ್ನು ನಾನು ಬಲ್ಲೆ. ಆ ನೋವು ಇನ್ನೊಬ್ಬರಿಗೆ ಬರಬಾರದು ಅನ್ನಿಸಿದ್ದರಿಂದ, ಅಕ್ಕ ಭಾವ ಇಬ್ಬರ ಒಪ್ಪಿಗೆ ಪಡೆದು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲ ನೋಟ

ಬರ್ಮಿಂಗ್‌ಹ್ಯಾಮಿನ ಎನ್‌ಇಸಿ ಪ್ರದರ್ಶನ ಕೇಂದ್ರದಲ್ಲಿ ಪ್ರತಿ ಫೆಬ್ರವರಿಯಲ್ಲೂ ಅಕ್ಟೋಬರಿನಲ್ಲೂ ದೊಡ್ಡ ಮೋಟರ್‌ಹೋಮ್ ಪ್ರದರ್ಶನ ನಡೆಯುತ್ತದೆ. ನಾವು ಹೋದದ್ದು ಫೆಬ್ರವರಿಯಲ್ಲಿ. ನೂರಾರು ಗಾಡಿಗಳ ನಡುವೆ ಭಾವ ಒಂದರೊಳಗೆ ಹೊಕ್ಕವರು ಅರ್ಧ ಗಂಟೆ ಹೊರಗೆ ಬರಲಿಲ್ಲ. ಹಿಂಭಾಗದಲ್ಲಿ ನಡುವೆ ಮಂಚ, ಎರಡೂ ಬದಿಯಲ್ಲಿ ಓಡಾಡುವ ಜಾಗ, ಬೇರೆಯೇ ಸ್ನಾನದ ಕೋಣೆ, ದೊಡ್ಡ ಫ್ರಿಜ್. ಉದ್ದ 7.4 ಮೀಟರ್. ಹೊಸದಕ್ಕೆ ಕೈಗೆಟುಕದ ಬೆಲೆ. ಆದರೆ ಅದೇ ವಿನ್ಯಾಸದ 2019ರ ಗಾಡಿಯೊಂದು ಒಬ್ಬ ಡೀಲರ್ ಹತ್ತಿರ 49,500 ಪೌಂಡಿಗೆ ಇತ್ತು. ಮುಂದೆ ಇದನ್ನು ದೊಡ್ಡ ಗಾಡಿ ಎಂದೇ ಕರೆಯುತ್ತೇನೆ.

"ಇದೇ ಆಗಲಿ ಬಿಡು, ಇನ್ನು ನೋಡೋದೇನಿದೆ?" ಅಂದರು ಭಾವ.

ನನಗೂ ಗಾಡಿ ಹಿಡಿಸಿತ್ತು. ಆದರೂ ಹೇಳಿದೆ: "ಭಾವ, ಮೊದಲು ನಿಮ್ಮ ಲೈಸೆನ್ಸ್ ತೆಗೀರಿ. ಅಕ್ಕ, ನಿಂದೂ."

ಲೈಸೆನ್ಸ್ ಹೇಳಿದ್ದು

ಬ್ರಿಟನ್ನಿನಲ್ಲಿ 1997ರ ಜನವರಿ 1ಕ್ಕೆ ಮುಂಚೆ ಕಾರಿನ ಪರೀಕ್ಷೆ ಪಾಸಾದವರ ಲೈಸೆನ್ಸಿನಲ್ಲಿ ಸಿ1 ಎಂಬ ವರ್ಗ ತಾನಾಗಿಯೇ ಇರುತ್ತದೆ. ಅವರು 7,500 ಕೆಜಿವರೆಗಿನ ಗಾಡಿ ಓಡಿಸಬಹುದು. ಅದರ ನಂತರ ಪಾಸಾದವರಿಗೆ ಬಿ ವರ್ಗ ಮಾತ್ರ, ಡೀಸೆಲ್ ಗಾಡಿಯಾದರೆ 3,500 ಕೆಜಿಗೆ ಮಿತಿ. ಭಾರತದ ಲೈಸೆನ್ಸನ್ನು ಇಲ್ಲಿ ನೇರವಾಗಿ ಬದಲಾಯಿಸಿ ಕೊಡುವುದಿಲ್ಲ. ಬಂದ ಮೇಲೆ ಹನ್ನೆರಡು ತಿಂಗಳು ಅದರಲ್ಲಿ ಓಡಿಸಬಹುದು, ಆಮೇಲೆ ಇಲ್ಲಿನ ಪರೀಕ್ಷೆಗೆ ಕೂರಲೇಬೇಕು. ಊರಿನಲ್ಲಿ ಇಪ್ಪತ್ತು ವರ್ಷ ಗಾಡಿ ಓಡಿಸಿದ್ದ ಭಾವ ಇಲ್ಲಿ ಪಾಸಾದದ್ದು 2002ರಲ್ಲಿ. ಅಂದರೆ 3,500 ಕೆಜಿ ಅವರಿಗೆ ಗಟ್ಟಿ ಗೋಡೆ. ಈಚಿನ ದಶಕಗಳಲ್ಲಿ ಇಲ್ಲಿಗೆ ಬಂದ ಕನ್ನಡಿಗರಲ್ಲಿ ಬಹುತೇಕ ಎಲ್ಲರದ್ದೂ ಇದೇ ಸ್ಥಿತಿ. ಇಲ್ಲಿಯೇ ಹುಟ್ಟಿ ಬೆಳೆದ ಹಿರಿಯ ನೆರೆಯವರು "ನಾಲ್ಕು ಟನ್ನಿನದು ತಗೊಳ್ಳಿ, ಆರಾಮಾಗಿರುತ್ತೆ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಆ ಸಲಹೆ ಅವರ ಲೈಸೆನ್ಸಿಗೆ ಸರಿ, ನಮ್ಮದಕ್ಕಲ್ಲ. ಅವರಿಗೂ 70 ತುಂಬಿದ ಮೇಲೆ ಸಿ1 ಉಳಿಯಬೇಕಾದರೆ ವೈದ್ಯರ ಪರೀಕ್ಷೆಯ ಅರ್ಜಿ ತುಂಬಿಸಿ ಕೊಡಬೇಕಾಗುತ್ತದೆ.

ಬೇಕೆಂದರೆ ಸಿ1 ಪರೀಕ್ಷೆಯನ್ನು ಹೊಸದಾಗಿ ಕಟ್ಟಬಹುದು: ವೈದ್ಯಕೀಯ ತಪಾಸಣೆ, ಥಿಯರಿ, ಸಣ್ಣ ಲಾರಿಯಲ್ಲಿ ರಸ್ತೆ ಪರೀಕ್ಷೆ. 66ರ ವಯಸ್ಸಿನಲ್ಲಿ ಅದಕ್ಕೆ ಕೈಹಾಕುವ ಮನಸ್ಸು ಭಾವನಿಗಿರಲಿಲ್ಲ.

ಅಕ್ಕನ ಲೈಸೆನ್ಸ್ ಇನ್ನೊಂದು ಮಾತು ಹೇಳಿತು. ಅವಳು 2009ರಲ್ಲಿ ಪಾಸಾದದ್ದು ಆಟೋಮ್ಯಾಟಿಕ್ ಕಾರಿನಲ್ಲಿ. ಕ್ಲಚ್ ಪೆಡಲ್ ಇರುವ ಗಾಡಿಯನ್ನು ಅವಳು ಕಾನೂನಿನ ಪ್ರಕಾರ ಮುಟ್ಟುವ ಹಾಗಿಲ್ಲ. ಬರ್ಮಿಂಗ್‌ಹ್ಯಾಮಿನಿಂದ ಇನ್ವರ್ನೆಸ್‌ವರೆಗೆ 450 ಮೈಲಿ ಭಾವ ಒಬ್ಬರೇ ಓಡಿಸಬೇಕೇ? ದಾರಿಯಲ್ಲಿ ಅವರಿಗೆ ಹುಷಾರು ತಪ್ಪಿದರೆ ಯಾರು ಮನೆ ಸೇರಿಸುವವರು? ಆಟೋಮ್ಯಾಟಿಕ್ ಎನ್ನುವುದು ಇವರ ಪಾಲಿಗೆ ಸೌಕರ್ಯದ ಪ್ರಶ್ನೆಯಲ್ಲ, ಸುರಕ್ಷತೆಯ ಪ್ರಶ್ನೆ ಎಂದು ಆವತ್ತೇ ಗೊತ್ತಾಯಿತು. ಇಲ್ಲಿ ಹೆಚ್ಚಿನ ಮೋಟರ್‌ಹೋಮ್‌ಗಳ ತಳದಲ್ಲಿರುವುದು ಫಿಯಟ್ ಡುಕಾಟೊ. ಅದರಲ್ಲಿ ಹಳೆಯದು ಕಂಫರ್ಟ್‌ಮ್ಯಾಟಿಕ್ ಎಂಬ ರೋಬೋಟ್ ಗೇರ್‌ಬಾಕ್ಸ್: ಮ್ಯಾನ್ಯುಯಲ್ ಗೇರ್‌ಬಾಕ್ಸಿಗೇ ಯಂತ್ರದ ಕೈ ಜೋಡಿಸಿದ್ದು, ಏರಿನಲ್ಲಿ ತುಸು ತಡವರಿಸುತ್ತದೆ. 2019ರಿಂದ ಬಂದ ಒಂಬತ್ತು ಗೇರಿನದು ನಿಜವಾದ ಆಟೋಮ್ಯಾಟಿಕ್. ಲೈಸೆನ್ಸಿನ ಮಟ್ಟಿಗೆ ಎರಡೂ ನಡೆಯುತ್ತವೆ. ಓಡಿಸಿ ನೋಡಿದರೆ ಅಜಗಜಾಂತರ.

ಒಂದು ವಾರದ ಬಾಡಿಗೆ

ದೊಡ್ಡ ಗಾಡಿಯನ್ನು ಆ ತಿಂಗಳೇ ಕೊಳ್ಳುವ ಅವಸರದಲ್ಲಿದ್ದ ಭಾವನನ್ನು ಅಕ್ಕ ತಡೆದಳು. ಅದೇ ಅಳತೆಯ ಗಾಡಿಯೊಂದನ್ನು ಮೇ ತಿಂಗಳಲ್ಲಿ ಒಂದು ವಾರಕ್ಕೆ ಬಾಡಿಗೆ ಹಿಡಿದು ವೇಲ್ಸಿನ ಪೆಂಬ್ರೋಕ್‌ಶೈರಿಗೆ ಹೋದರು. ಇಡೀ ಹುಡುಕಾಟದಲ್ಲಿ ಇದರಷ್ಟು ಫಲ ಕೊಟ್ಟ ಖರ್ಚು ಬೇರೆ ಇಲ್ಲ. ಅವರು ಬರೆದಿಟ್ಟುಕೊಂಡ ನೋಟ್‌ಬುಕ್ ನನ್ನ ಮುಂದಿದೆ.

ಮಂಚ ಅದ್ಭುತ ಎಂದು ಮೊದಲ ಪುಟದಲ್ಲೇ ಇದೆ. ಭಾವ ರಾತ್ರಿ ಎರಡು ಸಲ ಏಳುವವರು. ಅಕ್ಕನನ್ನು ದಾಟದೆ ಇಳಿಯಬಹುದಾದ ಮಂಚ ಇಬ್ಬರಿಗೂ ನಿದ್ದೆ ಕೊಟ್ಟಿತು. ಈ ಸಂಗತಿಯನ್ನು ಯಾವ ಮಾರಾಟಗಾರನೂ ಕೇಳುವುದಿಲ್ಲ, ಆದರೆ ಅರವತ್ತು ದಾಟಿದವರ ಗಾಡಿ ಆಯ್ಕೆಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಕಡಿಮೆ.

ಎರಡನೆಯ ಪುಟದಿಂದ ರಸ್ತೆಯ ಕಥೆ. ಗಾಡಿಯ ಅಗಲ 2.3 ಮೀಟರ್, ಕನ್ನಡಿ ಬಿಟ್ಟು. ವೇಲ್ಸಿನ ಹಳ್ಳಿದಾರಿಗಳಲ್ಲಿ ಎರಡೂ ಕಡೆ ಕಲ್ಲಿನ ಗೋಡೆ, ಮೇಲೆ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಭಾವ ಇನ್ನೂರು ಗಜ ಹಿಂದಕ್ಕೆ ಬಂದರು. ಕಾರ್ ಪಾರ್ಕಿಂಗಿನ ಒಂದು ಜಾಗ ಇಲ್ಲಿ ಸಾಮಾನ್ಯವಾಗಿ 4.8 ಮೀಟರ್ ಉದ್ದ, 2.4 ಮೀಟರ್ ಅಗಲ. 7.4 ಮೀಟರಿನ ಗಾಡಿಗೆ ಅಲ್ಲಿ ನೆಲೆ ಇಲ್ಲ. ಹಾಗಾಗಿ ಒಮ್ಮೆ ಕ್ಯಾಂಪ್ ಸೈಟಿನಲ್ಲಿ ನಿಲ್ಲಿಸಿದ ಮೇಲೆ ಹಾಲು ತರಲೂ ಅದನ್ನು ಹೊರಡಿಸಲಿಲ್ಲ, ಬಸ್ ಕಾದರು. ಸುತ್ತಲು ಬಂದವರು ಒಂದೇ ಹೊಲದಲ್ಲಿ ಕೂತರು. ಒಂದೇ ಕಡೆ ತಿಂಗಳುಗಟ್ಟಲೆ ಇರುವವರಿಗೆ ಅದು ಕೊರತೆಯೇ ಅಲ್ಲ. ಇವರ ಆಸೆ ಬೇರೆ. ದಿನ ಬಿಟ್ಟು ದಿನ ಜಾಗ ಬದಲಿಸುತ್ತ ಹೋಗುವುದು ಇವರಿಗೆ ಬೇಕಿತ್ತು.

ಮೂರನೆಯದು ಅಡುಗೆ. ಒಳಗೆ ಒಗ್ಗರಣೆ ಹಾಕಿದರೆ ಸಾಸಿವೆ ಇಂಗಿನ ಘಾಟು ಹಾಸಿಗೆಗೆ ಹತ್ತಿ ಮೂರು ದಿನ ಬಿಡಲಿಲ್ಲ. ಕುಕ್ಕರಿನ ಹಬೆ ರಾತ್ರಿ ಕಿಟಕಿಯಲ್ಲಿ ನೀರಾಗಿ ಇಳಿಯಿತು. ನಾಲ್ಕು ಒಲೆ ಇದ್ದರೂ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡಿದ್ದವು. ಹೆಂಚು ಇಟ್ಟರೆ ಪಕ್ಕದ ಒಲೆ ಕೆಲಸಕ್ಕೆ ಬಾರದು. ಅಷ್ಟು ದೊಡ್ಡ ಅಡುಗೆಮನೆಗೆ ಕೊಟ್ಟ ಜಾಗ, ತೂಕ ಎರಡೂ ದಂಡ ಎಂದು ಅಕ್ಕನಿಗೆ ಆಗಲೇ ಅನ್ನಿಸಿದೆ. "ಅಡುಗೆ ಹೊರಗೆ ಮಾಡೋದೇ ಸರಿ" ಎಂದು ಬರೆದು ಅಡಿಗೆರೆ ಎಳೆದಿದ್ದಾಳೆ.

ನೀರಿನ ವಿಷಯವನ್ನೂ ಹೇಳಬೇಕು. 100 ಲೀಟರಿನ ಟ್ಯಾಂಕು ಕೇಳುವುದಕ್ಕೆ ದೊಡ್ಡದು. ಚೊಂಬಿನಲ್ಲಿ ಮಿತವಾಗಿ ಮಿಂದರೂ ಒಬ್ಬರಿಗೆ ಹತ್ತು ಹನ್ನೆರಡು ಲೀಟರ್, ಶೌಚಕ್ಕೂ ನೀರೇ ಬಳಸುವವರು ನಾವು. ಶೌಚದ ಕ್ಯಾಸೆಟ್, ಅಂದರೆ ಮಲಮೂತ್ರ ಸೇರುವ ಕಳಚಬಹುದಾದ ಡಬ್ಬ, ಹಿಡಿಸುವುದು ಸುಮಾರು 18 ಲೀಟರ್, ಇವರಿಗೆ ಎರಡು ದಿನಕ್ಕೆ ತುಂಬುತ್ತಿತ್ತು. ಐದು ದಿನ ಹೊರಗೆ ಬಯಲಲ್ಲಿ ಇರಬಹುದು ಎಂಬ ಜಾಹೀರಾತಿನ ಮಾತನ್ನು ನಮ್ಮ ಅಭ್ಯಾಸಗಳಿಗೆ ಹೊಂದಿಸಿ ಅರ್ಧಕ್ಕೆ ಇಳಿಸಿಕೊಳ್ಳುವುದು ಒಳ್ಳೆಯದು.

ತೂಕದ ಭಾನುವಾರ

ಇಷ್ಟಾದರೂ ಭಾವನ ಮನಸ್ಸು ದೊಡ್ಡ ಗಾಡಿಯನ್ನು ಬಿಟ್ಟಿರಲಿಲ್ಲ. ರಸ್ತೆ ಅಭ್ಯಾಸವಾಗುತ್ತದೆ, ಅಡುಗೆ ಹೊರಗೆ ಮಾಡೋಣ ಎಂದರು. ಆಗ ಉಳಿದದ್ದು ತೂಕದ ಪ್ರಶ್ನೆ.

ಪ್ರತಿ ಮೋಟರ್‌ಹೋಮಿಗೂ ಎರಡು ಅಂಕಿಗಳಿರುತ್ತವೆ. ಗಾಡಿ ರಸ್ತೆಯ ಮೇಲೆ ಒಟ್ಟು ಎಷ್ಟು ತೂಗಬಹುದು ಎಂಬುದು ಒಂದು. ಇಲ್ಲಿ 3,500 ಕೆಜಿ. ಹೊರಡಲು ಸಿದ್ಧವಾದ ಖಾಲಿ ಗಾಡಿಯ ತೂಕ ಇನ್ನೊಂದು. ಎರಡರ ನಡುವಿನ ವ್ಯತ್ಯಾಸವೇ ಪೇಲೋಡ್, ಅಂದರೆ ನಾವು ಹೇರಬಹುದಾದ ಭಾರ. ಎಡವುವುದು ಎರಡನೆಯ ಅಂಕಿಯಲ್ಲಿ. ಅದರೊಳಗೆ 75 ಕೆಜಿಯ ಒಬ್ಬ ಚಾಲಕ, ಶೇ. 90 ಇಂಧನ ಸೇರಿರುತ್ತದೆ. ಪಕ್ಕದಲ್ಲಿ ಕೂರುವ ಹೆಂಡತಿ ಸೇರಿರುವುದಿಲ್ಲ. ಕೆಲವು ತಯಾರಕರು 100 ಲೀಟರ್ ಟ್ಯಾಂಕಿದ್ದರೂ ಪ್ರಯಾಣಕ್ಕೆ 20 ಲೀಟರ್ ನೀರು ಎಂದಷ್ಟೇ ಲೆಕ್ಕ ಹಿಡಿದಿರುತ್ತಾರೆ. ಮೇಲಾಗಿ ಆ ಅಂಕಿಯಲ್ಲಿ ಶೇ. 5ರಷ್ಟು ಹೆಚ್ಚುಕಡಿಮೆಗೆ ನಿಯಮದಲ್ಲೇ ಅವಕಾಶವಿದೆ. ಮೂರು ಟನ್ನಿನ ಗಾಡಿಯಲ್ಲಿ ಶೇ. 5 ಎಂದರೆ 150 ಕೆಜಿ, ಇಬ್ಬರು ದೊಡ್ಡವರ ಭಾರ.

ದೊಡ್ಡ ಗಾಡಿಯ ಪುಸ್ತಿಕೆಯಲ್ಲಿ 3,080 ಕೆಜಿ ಎಂದಿತ್ತು. 420 ಕೆಜಿ ಹೇರಬಹುದು ಎಂದು ಭಾವ ಸಮಾಧಾನಪಟ್ಟರು. ನಾನು ಗಾಡಿಯ ಸುತ್ತ ಒಂದು ಸುತ್ತು ಬಂದೆ. ಪಕ್ಕದಲ್ಲಿ ಬಿಚ್ಚುವ ಆನಿಂಗ್ ಎಂಬ ಬಟ್ಟೆಯ ಚಪ್ಪರ, ಸೂರಿನ ಮೇಲೆ ಸೋಲಾರ್ ಫಲಕ, ಎರಡನೆಯ ಬ್ಯಾಟರಿ, ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಸೈಕಲ್ ಸ್ಟ್ಯಾಂಡಿನ ಕಂಬಿ. ಇವೆಲ್ಲ ಆಮೇಲೆ ಸೇರಿದ ಐಚ್ಛಿಕ ಸಾಮಾನು, 3,080ರಲ್ಲಿ ಇಲ್ಲದವು. ಹತ್ತಿರದ ವೇ ಬ್ರಿಡ್ಜಿಗೆ ಒಯ್ದು ತೂಗಿ ಕೊಡಿ ಎಂದು ಡೀಲರನ್ನು ಕೇಳಿದೆವು. ಪುಸ್ತಿಕೆಯಲ್ಲೇ ಇದೆಯಲ್ಲ ಎಂದು ಮೊದಲು ಒಪ್ಪಲಿಲ್ಲ. ತೂಗದ ಗಾಡಿಗೆ ಮುಂಗಡ ಕೊಡುವುದಿಲ್ಲ ಎಂದು ಅಕ್ಕ ನೇರವಾಗಿ ಹೇಳಿದ ಮೇಲೆ ಬಂದರು. ಟ್ಯಾಂಕ್ ತುಂಬ ಡೀಸೆಲ್, ನೀರು ಖಾಲಿ, ಒಂದು ಗ್ಯಾಸ್ ಸಿಲಿಂಡರ್, ಸ್ಟಿಯರಿಂಗ್ ಹಿಂದೆ ಭಾವ. ಚೀಟಿಯಲ್ಲಿ ಬಂದದ್ದು 3,190.

ಉಳಿದದ್ದು 310. ಅಕ್ಕನ 62 ಕಳೆದರೆ 248.

ಮುಂದಿನ ಭಾನುವಾರ ಅಕ್ಕನ ಮನೆಯ ತೂಕದ ಯಂತ್ರ ಬಾತ್‌ರೂಮಿನಿಂದ ಅಡುಗೆಮನೆಗೆ ಬಂತು. ಮೂರು ವಾರದ ಪ್ರವಾಸಕ್ಕೆ ಏನೇನು ಬೇಕೋ ಎಲ್ಲವನ್ನೂ ಒಂದೊಂದಾಗಿ ತೂಗಿದೆವು. ಕುಕ್ಕರ್ ಎರಡು, ಎರಕದ ಹೆಂಚು, ಮಿಕ್ಸಿ, ತಟ್ಟೆ ಲೋಟ ಸೇರಿ ಅಡುಗೆಯ ಸಾಮಾನು 38 ಕೆಜಿ. ಅಕ್ಕಿ, ಬೇಳೆ, ಹಿಟ್ಟು, ಉಪ್ಪಿನಕಾಯಿ, ತರಕಾರಿ 35. ಬಟ್ಟೆ, ಮಳೆಯಂಗಿ, ಬೂಟು 40. ಹಾಸಿಗೆ ಹೊದಿಕೆ 22. ಹೊರಗೆ ಹಾಕುವ ಕುರ್ಚಿ ಮೇಜು 24. ಕರೆಂಟಿನ ಕೇಬಲ್, ನೀರಿನ ಪೈಪು, ಗಾಲಿ ಎತ್ತರಿಸುವ ಹಲಗೆ 20. ಸಲಕರಣೆ ಪೆಟ್ಟಿಗೆ 12. ಪುಸ್ತಕ, ಲ್ಯಾಪ್‌ಟಾಪು, ಔಷಧಿ 10. ಬ್ಯಾಟರಿ ಸೈಕಲ್ ಎರಡು ಮತ್ತು ಅದರ ಸ್ಟ್ಯಾಂಡ್ 65.

ಒಟ್ಟು 266.

ಹದಿನೆಂಟು ಕೆಜಿ ಹೆಚ್ಚು, ಅದೂ ಒಂದು ಹನಿ ನೀರು ತುಂಬುವ ಮುಂಚೆ. ಭಾವ ಹಾಳೆಯನ್ನು ಎರಡು ಸಲ ಕೂಡಿದರು, ಮೂರನೆಯ ಸಲ ಅಕ್ಕನ ಕೈಗೆ ಕೊಟ್ಟರು. ಯಾರೂ ಮಾತಾಡಲಿಲ್ಲ. ಮಿತಿ ಮೀರಿದ ಭಾರಕ್ಕೆ ಇಲ್ಲಿ ರಸ್ತೆಯಲ್ಲೇ ನಿಲ್ಲಿಸಿ 100ರಿಂದ 300 ಪೌಂಡ್ ದಂಡ ಹಾಕುತ್ತಾರೆ, ಭಾರ ಇಳಿಸುವವರೆಗೆ ಮುಂದೆ ಬಿಡದೆಯೂ ಇರಬಹುದು. ಅದಕ್ಕಿಂತ ನನ್ನನ್ನು ಕಾಡಿದ್ದು ಟೈರು, ಬ್ರೇಕುಗಳ ಚಿಂತೆ. ಇಳಿಜಾರಿನಲ್ಲಿ ಆ ಬ್ರೇಕಿನ ಮೇಲೆ ಕಾಲಿಡುವವರು ನನ್ನ ಅಕ್ಕ ಭಾವ.

ಇನ್ನೂ ಒಂದು ಲೆಕ್ಕವಿತ್ತು, ಡೀಲರುಗಳ ಬಾಯಲ್ಲಿ ನಾನು ಎಂದೂ ಕೇಳದ್ದು. ಒಟ್ಟು ತೂಕದ ಹಾಗೆಯೇ ಮುಂದಿನ, ಹಿಂದಿನ ಆಕ್ಸಲ್‌ಗೂ (ಎಡ ಬಲದ ಗಾಲಿಗಳನ್ನು ಹೊರುವ ಅಚ್ಚು) ಬೇರೆ ಬೇರೆ ಮಿತಿ ಇರುತ್ತದೆ. ಈ ಗಾಡಿಯಲ್ಲಿ ಗಾಲಿಗಳ ನಡುವಿನ ಅಂತರ 4,035 ಮಿಲಿಮೀಟರ್; ಹಿಂದಿನ ಆಕ್ಸಲ್‌ನಿಂದ ಸೈಕಲ್ ಸ್ಟ್ಯಾಂಡಿಗೆ 2.6 ಮೀಟರ್. ಏತದ ಮರ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಅಷ್ಟು ಹಿಂದೆ ತೂಗುಹಾಕಿದ 65 ಕೆಜಿಯ ಸೈಕಲ್ ಹಿಂದಿನ ಆಕ್ಸಲ್ ಮೇಲೆ 107 ಕೆಜಿಯಾಗಿ ಕೂರುತ್ತದೆ, ಮುಂದಿನಿಂದ 42 ಕೆಜಿ ಎತ್ತಿಬಿಡುತ್ತದೆ. ಡುಕಾಟೊದಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳಿಂದ. ಮುಂಭಾಗ ಹಗುರಾದಷ್ಟೂ ಮಳೆ ಬಿದ್ದ ಹುಲ್ಲಿನ ಮೇಲೆ ಚಕ್ರ ಸುಮ್ಮನೆ ತಿರುಗುತ್ತದೆ. ಇಲ್ಲಿನ ಕ್ಯಾಂಪ್ ಸೈಟುಗಳಲ್ಲಿ ಬಹಳಷ್ಟು ಹುಲ್ಲಿನ ಹೊಲಗಳೇ.

ಗಾಡಿಯ ಮಿತಿಯನ್ನೇ ಕಾಗದದಲ್ಲಿ 3,650ಕ್ಕೋ 3,850ಕ್ಕೋ ಏರಿಸಿಕೊಡುವ ವ್ಯವಸ್ಥೆ ಇದೆ ಎಂದು ಡೀಲರ್ ಹೇಳಿದರು. ಮಾತು ನಿಜ. ಆದರೆ ಏರಿಸಿದ ಕ್ಷಣವೇ ಅದು ಬಿ ಲೈಸೆನ್ಸಿನ ಗಾಡಿಯಾಗಿ ಉಳಿಯುವುದಿಲ್ಲ. ಸಿ1 ಇದ್ದವರ ಮನೆಯಾಗಿದ್ದರೆ ಈ ಪ್ರಕರಣ ಇಲ್ಲಿಗೇ ಮುಗಿದು, ದೊಡ್ಡ ಗಾಡಿ ಮನೆಗೆ ಬರುತ್ತಿತ್ತು.

ಎರಡನೆಯ ಗಾಡಿ, ತೇವದ ಮೀಟರ್

ಜುಲೈನಲ್ಲಿ ಖಾಸಗಿ ಮಾಲೀಕರೊಬ್ಬರ ಹತ್ತಿರ 2017ರ ಗಾಡಿ ಸಿಕ್ಕಿತು. ಉದ್ದ ಆರು ಮೀಟರ್, ಕೋಚ್‌ಬಿಲ್ಟ್, ರೋಬೋಟ್ ಗೇರ್‌ಬಾಕ್ಸ್, 41,000 ಪೌಂಡ್. ಪೇಲೋಡ್ ಸಾಕಷ್ಟಿತ್ತು. ಒಳಗೆ ಒಪ್ಪವಾಗಿತ್ತು. ಉಳಿಯುವ ಹದಿನಾಲ್ಕು ಸಾವಿರದ ಮೇಲೆ ಅಕ್ಕನ ಕಣ್ಣು.

ಕೋಚ್‌ಬಿಲ್ಟ್ ಎಂದರೆ ಚಾಸಿಯ (ಎಂಜಿನ್, ಗಾಲಿ ಹೊತ್ತ ತಳದ ಚೌಕಟ್ಟಿನ) ಮೇಲೆ ಫಲಕಗಳನ್ನು ಜೋಡಿಸಿ ಕಟ್ಟಿದ ಪೆಟ್ಟಿಗೆ. ಎಷ್ಟು ಜೋಡಣೆಯೋ ಅಷ್ಟು ಸಂದು. ಕಿಟಕಿ, ಸೂರಿನ ಗವಾಕ್ಷಿ, ಮೂಲೆಯ ಪಟ್ಟಿ, ಎಲ್ಲ ಕಡೆಯೂ ಸೀಲಂಟ್ ವಯಸ್ಸಾದಂತೆ ಬಿರುಕು ಬಿಡುತ್ತದೆ. ಒಳಗಿನ ಮರದ ಚೌಕಟ್ಟಿಗೆ ನೀರು ಹೊಕ್ಕರೆ ಹೊರಗಿನಿಂದ ವರ್ಷಗಟ್ಟಲೆ ಏನೂ ಕಾಣಿಸುವುದಿಲ್ಲ. ಮಲೆನಾಡಿನಲ್ಲಿ ಬೆಳೆದವರಿಗೆ ತೊಲೆ ಒಳಗೊಳಗೇ ಲಡ್ಡಾಗುವುದು ಹೊಸದಲ್ಲ. ತೇವದ ಮೀಟರಿನಲ್ಲಿ ಶೇ. 15ರ ಕೆಳಗಿದ್ದರೆ ನಿಶ್ಚಿಂತೆ, 15ರಿಂದ 20ರವರೆಗೆ ಕಣ್ಣಿಟ್ಟಿರಬೇಕು, 20 ದಾಟಿದರೆ ಕಾರಣ ಹುಡುಕಲೇಬೇಕು, 30 ದಾಟಿದರೆ ಮರವೇ ಕೆಟ್ಟಿರುವ ಸಂಭವ ಹೆಚ್ಚು ಎಂಬುದು ಇಲ್ಲಿನ ತಪಾಸಣೆಗಾರರ ಸಾಮಾನ್ಯ ಅಳತೆ.

ಗೋಡೆಗಳಲ್ಲಿ 12, 13, 14. ಹಿಂದಿನ ಎಡಮೂಲೆಯಲ್ಲಿ, ಕಿಟಕಿಯ ಕೆಳಗೆ, 27. ಒಳಗೆ ಉಸಿರಿನ ಹಬೆ ಕಟ್ಟಿದ್ದು ಎಂದರು ಮಾಲೀಕರು. ಹಬೆಯ ತೇವ ಮೇಲ್ಮೈಯಲ್ಲಿರುತ್ತದೆ, ಒಣಗಿದ ಜುಲೈ ತಿಂಗಳಲ್ಲಿ ಒಂದೇ ಮೂಲೆಯಲ್ಲಿ 27 ತೋರಿಸುವುದಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಫಲಕ ತುಸು ಒಳಗೆ ಹೋಯಿತು. ಸರ್ವಿಸ್ ಪುಸ್ತಕ ತೆರೆದರೆ ಎರಡು ವರ್ಷ ತೇವದ ತಪಾಸಣೆಯ ಮುದ್ರೆಯೇ ಇಲ್ಲ. ನೀರು ಸೋರಿಕೆಯ ವಾರಂಟಿ ನಿಲ್ಲುವುದೇ ಆ ವಾರ್ಷಿಕ ಮುದ್ರೆಯ ಮೇಲೆ. ಒಂದು ತಪ್ಪಿದರೂ ತಯಾರಕರು ಕೈ ತೊಳೆದುಕೊಳ್ಳಬಹುದು. ಟೈರಿನ ಪಕ್ಕದಲ್ಲಿ 1817 ಎಂದಿತ್ತು: 2017ರ 18ನೆಯ ವಾರದಲ್ಲಿ ತಯಾರಾದದ್ದು. ಹೊರಮೈ ಸವೆಯದಿದ್ದರೂ ವಯಸ್ಸಾದ ಟೈರು. ಮೋಟರ್‌ಹೋಮ್‌ಗಳಲ್ಲಿ ಟೈರು ಸವೆಯುವ ಮುಂಚೆ ಮುದಿಯಾಗುತ್ತದೆ, ನಿಂತಲ್ಲೇ ನಿಂತು.

ಬೆಲೆ ಇಳಿಸಿ ಕೊಳ್ಳೋಣ ಎಂದು ಭಾವ ಸೂಚಿಸಿದರು. ನಾನು ಬೇಡವೆಂದೆ, ಇವತ್ತೂ ಹಾಗೇ ಹೇಳುತ್ತೇನೆ. ಮೂಲೆ ಬಿಚ್ಚದೆ ಒಳಗೆ ಎಷ್ಟು ಕೆಟ್ಟಿದೆ ಎಂದು ಯಾರಿಗೂ ಹೇಳಲಾಗದು. ಎಷ್ಟು ಇಳಿಸಬೇಕು ಎಂಬುದಕ್ಕೆ ಅಳತೆಯೇ ಇಲ್ಲದಾಗ ಚೌಕಾಸಿ ಎಲ್ಲಿಂದ ಮಾಡುವುದು?

ಹಳೆಯ ಗಾಡಿ ನೋಡುವವರಿಗೆ ಇನ್ನೊಂದು ಸೂಚನೆ. ಇವರ ಮಗಳ ಮನೆ ಲಂಡನ್ನಿನ ಹ್ಯಾರೋದಲ್ಲಿದೆ. 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಬರೋಗಳೂ ಯುಲೆಜ್ ಎಂಬ, ಹೆಚ್ಚು ಹೊಗೆಯುಗುಳುವ ಗಾಡಿಗಳಿಗೆ ಶುಲ್ಕ ಹಾಕುವ ವಲಯದೊಳಗೆ ಬಂದಿವೆ. ಯೂರೋ 6 ಎಂಬ ಹೊಗೆಯ ಮಾನದಂಡ ಮುಟ್ಟದ ಡೀಸೆಲ್ ಗಾಡಿಗೆ ದಿನಕ್ಕೆ 12.50 ಪೌಂಡ್. ಬರ್ಮಿಂಗ್‌ಹ್ಯಾಮಿನ ನಡುವೆಯೂ 2021ರಿಂದ ಇಂಥದೇ ವಲಯ ಇದೆ. ಮೋಟರ್‌ಹೋಮಿನ ಚಾಸಿ ನೋಂದಣಿಗಿಂತ ಒಂದು ವರ್ಷ ಮುಂಚೆಯೇ ತಯಾರಾಗಿರಬಹುದು. ಆದ್ದರಿಂದ 2016-17ರ ಆಸುಪಾಸಿನ ಗಾಡಿಯಲ್ಲಿ ನಂಬರ್ ಪ್ಲೇಟಿನ ವರ್ಷ ನೋಡಿ ಯೂರೋ 6 ಎಂದುಕೊಳ್ಳಬೇಡಿ, ನಂಬರ್ ಹಾಕಿ ಪರೀಕ್ಷಿಸಿ.

ಮೂರನೆಯದು

ಆ ಹೊತ್ತಿಗೆ ಬೇಕಾದದ್ದರ ಆಕಾರ ಸ್ಪಷ್ಟವಾಗಿತ್ತು. 3,500ರೊಳಗೆ ಕನಿಷ್ಠ 450 ಕೆಜಿ ನಿಜವಾದ ಪೇಲೋಡ್. ಆಟೋಮ್ಯಾಟಿಕ್. ಒಬ್ಬರನ್ನೊಬ್ಬರು ದಾಟದೆ ಇಳಿಯುವ ಹಾಸಿಗೆ. ಮನೆಯ ಮುಂದಿನ ಏಳು ಮೀಟರ್ ಅಂಗಳದಲ್ಲಿ ನಿಲ್ಲುವ ಉದ್ದ. ಯೂರೋ 6. ಇಷ್ಟನ್ನೂ ಜರಡಿ ಹಿಡಿದಾಗ ಕೋಚ್‌ಬಿಲ್ಟ್‌ಗಳು ಒಂದೊಂದಾಗಿ ಉದುರಿ, ಭಾವ ಮೊದಲಿಂದ ಬೇಡವೆಂದಿದ್ದ ಬಗೆಯೇ ಉಳಿಯಿತು: ಕಾರ್ಖಾನೆಯ ಕಬ್ಬಿಣದ ವ್ಯಾನಿನೊಳಗೇ ಮನೆ ಕೂರಿಸಿದ ವ್ಯಾನ್ ಕನ್ವರ್ಷನ್.

2020ರ ಡುಕಾಟೊ, ಒಂಬತ್ತು ಗೇರ್, 22,000 ಮೈಲಿ ಓಡಿದ್ದು, ಡೀಲರ್ ಹತ್ತಿರ 51,500 ಪೌಂಡ್. ಉದ್ದ 6.36 ಮೀಟರ್, ಅಗಲ 2.05. ದೊಡ್ಡ ಗಾಡಿಗಿಂತ 25 ಸೆಂಟಿಮೀಟರ್ ಕಿರಿದು ಎಂಬುದು ಕಾಗದದಲ್ಲಿ ಸಣ್ಣ ಅಂಕಿ. ಗೋಡೆಗೂ ಕನ್ನಡಿಗೂ ನಡುವೆ ಅದು ಜೀವ ಉಳಿಸುವ ಗೇಣು. ಹಿಂಭಾಗದಲ್ಲಿ ಉದ್ದುದ್ದಕ್ಕೆ ಎರಡು ಒಂಟಿ ಹಾಸಿಗೆ, ನಡುವೆ ಕಾಲುದಾರಿ. ಇದೇ ಉದ್ದದ ಅನೇಕ ವ್ಯಾನುಗಳಲ್ಲಿ ಹಾಸಿಗೆ ಅಡ್ಡಡ್ಡ ಇರುತ್ತದೆ. ಒಳಗಿನವರು ಏಳಬೇಕಾದರೆ ಹೊರಗಿನವರನ್ನು ದಾಟಬೇಕು, ಐದೂಮುಕ್ಕಾಲು ಅಡಿ ಮೀರಿದವರಿಗೆ ತಲೆಯೋ ಕಾಲೋ ಗೋಡೆಗೆ ತಾಗುತ್ತದೆ. ಇದರಲ್ಲಿ 1.9 ಮೀಟರ್ ಉದ್ದದ ಹಾಸಿಗೆ, ಭಾವ 1.8. ಪಕ್ಕದ ಜಾರುಬಾಗಿಲು ಎಡಗಡೆಗಿತ್ತು, ಅಂದರೆ ರಸ್ತೆಯ ಅಂಚಿನ ಕಡೆಗೆ. ಯೂರೋಪಿಗೆಂದು ಕಟ್ಟಿದ ಗಾಡಿಗಳಲ್ಲಿ ಬಾಗಿಲು ಬಲಕ್ಕಿದ್ದು, ಇಲ್ಲಿ ನಿಲ್ಲಿಸಿದಾಗ ಇಳಿಯುವವರು ವಾಹನಗಳ ನಡುವೆ ಕಾಲಿಡಬೇಕಾಗುತ್ತದೆ.

ಶೌಚದ ಕೋಣೆ ಚಿಕ್ಕದು. ಬೂಟು ಬಿಚ್ಚಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಕೂತು ಎದ್ದು ನೋಡಿ ಎಂದು ಇಬ್ಬರಿಗೂ ಹೇಳಿದೆ. ಹಾಸಿಗೆಯ ಮೇಲೆ ಹದಿನೈದು ನಿಮಿಷ ಮಲಗಿಸಿದೆ. ಅಂಗಡಿಯಲ್ಲಿ ಇದನ್ನು ಮಾಡಲು ಹಲವರಿಗೆ ಸಂಕೋಚ. ಆದರೆ ಐವತ್ತು ಸಾವಿರ ಪೌಂಡಿನ ವಸ್ತುವಿನ ಮುಂದೆ ಸಂಕೋಚಕ್ಕೆ ಜಾಗವಿಲ್ಲ.

ತೂಗಿಸಿದೆವು. ತುಂಬಿದ ಡೀಸೆಲ್, ಖಾಲಿ ನೀರು, ಒಂದು ಸಿಲಿಂಡರ್, ಭಾವ: 2,985. ಉಳಿದದ್ದು 515.

ಇಲ್ಲಿ ಒಂದು ನಿಜವಾದ ನಷ್ಟವನ್ನು ಒಪ್ಪಿಕೊಳ್ಳಬೇಕು. ಹ್ಯಾರೋದಲ್ಲಿ ಇಬ್ಬರು ಮೊಮ್ಮಕ್ಕಳಿದ್ದಾರೆ, ಆರು ಮತ್ತು ಒಂಬತ್ತು ವರ್ಷ. ಅವರನ್ನು ಪಕ್ಕದಲ್ಲಿ ಮಲಗಿಸಿಕೊಂಡು ಮಳೆಯ ಸದ್ದು ಕೇಳಬೇಕು ಎಂಬುದು ಅಕ್ಕನ ಕನಸಿನ ತಿರುಳು. ಈ ವ್ಯಾನಿನಲ್ಲಿ ಸೀಟ್‌ಬೆಲ್ಟ್ ನಾಲ್ಕು, ಊಟಕ್ಕೆ ನಾಲ್ವರು ಕೂರಬಹುದು, ಮಲಗಲು ಇಬ್ಬರಿಗೆ ಮಾತ್ರ. (ಈ ಮೂರು ಅಂಕಿಗಳು ಒಂದೇ ಎಂದುಕೊಂಡು ಮೋಸ ಹೋದವರಿದ್ದಾರೆ. ಆರು ಹಾಸಿಗೆಯ ಗಾಡಿಯಲ್ಲಿ ನಾಲ್ಕೇ ಬೆಲ್ಟ್ ಇರಬಹುದು.) ಅಕ್ಕ ಬಹಳ ಹೊತ್ತು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು.

"ರೀ, ಮಕ್ಕಳು ವರ್ಷಕ್ಕೆ ಎಷ್ಟು ರಾತ್ರಿ ನಮ್ಮ ಜೊತೆ ಬಂದಾರು?" ಎಂದು ಕೇಳಿದಳು.

"ಶಾಲೆ ರಜೆಯಲ್ಲಿ ಆರೋ ಏಳೋ."

"ಉಳಿದ ಐವತ್ತು ರಾತ್ರಿ ನಾವಿಬ್ಬರೇ. ಅವರು ಬಂದಾಗ ಪಕ್ಕದಲ್ಲಿ ಡೇರೆ ಹಾಕೋಣ."

ಭಾವನ ದೊಡ್ಡ ಮಂಚದ ಆಸೆಯೂ ಅಕ್ಕನ ಕನಸೂ ಅದೇ ಮಧ್ಯಾಹ್ನ ಕೈಬಿಟ್ಟುಹೋದವು. ನಾನು ಅವಸರ ಮಾಡಲಿಲ್ಲ, ಎರಡು ದಿನ ಬಿಟ್ಟು ಫೋನ್ ಮಾಡಿ ಎಂದೆ. ಎರಡನೆಯ ದಿನ ಫೋನ್ ಬಂತು.

ಹಣ ಕೊಡುವ ಮುಂಚೆ

ಕ್ರೆಡಿಟ್ ಕಾರ್ಡಿನಲ್ಲಿ ನೂರು ಪೌಂಡ್ ಮುಂಗಡ ಕೊಟ್ಟರೆ ಇಡೀ ಬೆಲೆಗೆ ರಕ್ಷಣೆ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. 1974ರ ಗ್ರಾಹಕ ಸಾಲ ಕಾಯ್ದೆಯ 75ನೆಯ ಕಲಮಿನಲ್ಲಿ ಅಂಥ ರಕ್ಷಣೆ ಇರುವುದು ನಿಜ, ಆದರೆ ವಸ್ತುವಿನ ಬೆಲೆ 30,000 ಪೌಂಡ್ ಮೀರಿದರೆ ಅದು ಅನ್ವಯಿಸುವುದಿಲ್ಲ. ನಮಗೆ ಆಸರೆಯಾಗಿ ಇದ್ದದ್ದು 2015ರ ಗ್ರಾಹಕ ಹಕ್ಕುಗಳ ಕಾಯ್ದೆ: ವ್ಯಾಪಾರಿಯಿಂದ ಕೊಂಡ ವಸ್ತು ದೋಷದ್ದಾದರೆ 30 ದಿನದೊಳಗೆ ತಿರಸ್ಕರಿಸಿ ಪೂರ್ಣ ಹಣ ವಾಪಸ್ ಕೇಳಬಹುದು. ಖಾಸಗಿ ಮಾಲೀಕರಿಂದ ಕೊಂಡರೆ ಈ ಹಕ್ಕಿಲ್ಲ. ಎರಡನೆಯ ಗಾಡಿಯ ಕಡಿಮೆ ಬೆಲೆಯಲ್ಲಿ ಆ ಹಕ್ಕಿಲ್ಲದಿರುವುದೂ ಸೇರಿತ್ತು.

ಡೀಲರಿಗೆ ಸಂಬಂಧವಿಲ್ಲದ ತಪಾಸಣೆಗಾರರಿಂದ ಗ್ಯಾಸ್, ನೀರು, 12 ವೋಲ್ಟ್ ಮತ್ತು 230 ವೋಲ್ಟ್ ವಿದ್ಯುತ್ತು ಎಲ್ಲವನ್ನೂ ನೋಡಿಸಿದೆವು. ಮನೆಯ ಭಾಗದ ಬ್ಯಾಟರಿ ಸತ್ತಿತ್ತು, ಕಾರ್ಬನ್ ಮಾನಾಕ್ಸೈಡ್ ಅಲಾರ್ಮಿನ ಅವಧಿ ಮುಗಿದಿತ್ತು. ಎರಡನ್ನೂ ಹೊಸದು ಹಾಕಿಸಿ, ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಿಸಿಕೊಟ್ಟ ಮೇಲೆ ಹಣ ಸಂದಾಯವಾಯಿತು. ಹಿಂದಿನವರ ಸಾಲ ಗಾಡಿಯ ಮೇಲೆ ಉಳಿದಿಲ್ಲ ಎಂಬುದನ್ನೂ ನೋಡಿಕೊಂಡೆವು.

ಆಮೇಲೆ

ಕೊಂಡ ಮೇಲೆ ಅವರು ಒಂಬತ್ತು ವಾರ ಅದರಲ್ಲಿ ಕಳೆದಿದ್ದಾರೆ. ಎಲ್ಲವೂ ಸುಖವಲ್ಲ. ಕಬ್ಬಿಣದ ಮೈಯ ವ್ಯಾನು ಕೋಚ್‌ಬಿಲ್ಟಿನಷ್ಟು ಬೆಚ್ಚಗಿಲ್ಲ. ಡ್ರೈವರ್ ಕಡೆಯ ಗಾಜುಗಳಿಂದ ಚಳಿ ಇಳಿಯುತ್ತದೆ. ಒಳಗೆ ದಪ್ಪ ಪರದೆ ಹಾಕಿದ ಮೇಲೆ ತುಸು ವಾಸಿ. ರಾತ್ರಿ ಜಾರುಬಾಗಿಲು ಎಳೆದರೆ ಇಡೀ ಸೈಟಿಗೆ ಕೇಳಿಸುತ್ತದೆ. ಇದ್ದ ಸಿಲಿಂಡರ್ ಬ್ಯೂಟೇನಿನದು. ಅದು ಸೊನ್ನೆ ಡಿಗ್ರಿ ಹತ್ತಿರವಾದಂತೆ ಅನಿಲವಾಗಿ ಏಳುವುದಿಲ್ಲ, ನವೆಂಬರಿನ ಒಂದು ಬೆಳಿಗ್ಗೆ ಒಲೆ ಹತ್ತಲೇ ಇಲ್ಲ. ಮೈನಸ್ 42ರವರೆಗೂ ಏಳುವ ಪ್ರೊಪೇನಿಗೆ ಬದಲಿಸಿದರು. ಅಡುಗೆ ಆನಿಂಗ್ ಕೆಳಗೆ ಒಂದೇ ಒಲೆಯಲ್ಲಿ. ಮಳೆ ಬಂದರೆ ಅಕ್ಕ ಪಕ್ಕದ ಪರದೆ ಇಳಿಬಿಡುವುದಿಲ್ಲ, ಒಲೆ ಆರಿಸಿ ಅವಲಕ್ಕಿ ಕಲಸುತ್ತಾಳೆ. ಮುಚ್ಚಿದ ಡೇರೆಯಲ್ಲಿ ಗ್ಯಾಸ್ ಒಲೆ ಜೀವಕ್ಕೇ ಅಪಾಯ ಎಂದು ನಾನು ಹೇಳಿದ್ದನ್ನು ಒಂದು ದಿನವೂ ಮೀರಿಲ್ಲ.

ಸ್ಕಾಟ್ಲೆಂಡಿನಲ್ಲಿ ಆಪಲ್‌ಕ್ರಾಸಿಗೆ ಹೋಗುವ ಬೀಲಾಖ್ ನ ಬಾ ಘಟ್ಟ ಸಮುದ್ರಮಟ್ಟದಿಂದ 626 ಮೀಟರ್ ಏರುತ್ತದೆ, ಒಂದೇ ಗಾಡಿಯ ಅಗಲದ ದಾರಿ, ಕಡಿದಾದ ತಿರುವು. ಬಹಳ ದೊಡ್ಡ ವಾಹನಗಳಿಗೂ ಕ್ಯಾರವಾನ್‌ಗಳಿಗೂ ತಕ್ಕದ್ದಲ್ಲ ಎಂದು ಬುಡದಲ್ಲೇ ಫಲಕ ಇದೆ. ಫಲಕದ ಮುಂದೆ ನಿಲ್ಲಿಸಿ, ಭಾವ ಕೀಲಿಯನ್ನು ಅಕ್ಕನ ಕೈಗೆ ಕೊಟ್ಟರಂತೆ, ಸಣ್ಣ ದಾರಿಯಲ್ಲಿ ಅವಳ ಕೈ ತಮ್ಮದಕ್ಕಿಂತ ಚೆನ್ನ ಎಂದು. ಆಗುಂಬೆ ಘಾಟಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ ಹುಡುಗಿ ಅವಳು. ಮೇಲೆ ತಲುಪಿ ನನಗೆ ಫೋನ್ ಮಾಡಿದಾಗ ಗಾಳಿಯ ಸದ್ದಿನಲ್ಲಿ ಒಂದು ಮಾತೂ ಕೇಳಿಸಲಿಲ್ಲ, ನಗು ಮಾತ್ರ ಕೇಳಿಸಿತು.

ಆ ಪ್ರವಾಸಕ್ಕೆ ಹೊರಡುವ ಮುಂಚೆ, 100 ಲೀಟರ್ ನೀರೂ ಸೇರಿ ಎಲ್ಲವನ್ನೂ ಹೇರಿಕೊಂಡು, ಇಬ್ಬರೂ ಕೂತು ವೇ ಬ್ರಿಡ್ಜಿಗೆ ಹೋಗಿದ್ದರು. ಒಟ್ಟು 3,413, ಮುಂದಿನ ಆಕ್ಸಲ್ 1,563, ಹಿಂದಿನದು 1,850, ಅದರ ಮಿತಿ 2,000. ಆ ಚೀಟಿ ಈಗ ಪಾತ್ರೆಯ ಕಪಾಟಿನ ಬಾಗಿಲ ಒಳಗೆ ಅಂಟಿದೆ. ಕೆಳಗೆ ಅಕ್ಕನ ಅಕ್ಷರದಲ್ಲಿ "ಉಳಿದದ್ದು 87" ಎಂದಿದೆ. ಹೊಸದೇನೇ ಗಾಡಿಗೆ ಹತ್ತಲಿ, ತೂಗಿ ಅಲ್ಲಿ ಬರೆಯುತ್ತಾಳೆ. ಇಡ್ಲಿ ಸ್ಟ್ಯಾಂಡ್ ಬಂದ ದಿನ ಎರಕದ ಹೆಂಚು ಮನೆಗೆ ವಾಪಸ್ ಹೋಯಿತು.